ಏಳು ಬೆರಳಿನ ಕೀಲಿಮಣೆ

ಹೊಸ ಪ್ರೋಗ್ರಾಮು ಶೇವಂತಾಳ ಕೈಗೆ ಒಗ್ಗುವುದಿಲ್ಲವೆಂದು ಹೇಳಿದವನು ನಾನು — ಅದು ಸುಳ್ಳು. ಅವಳ ಕೈಗೆಂದೇ ಸಿದ್ಧವಾಗಿದ್ದ ಕೀಲಿಗಳ ಜೋಡಣೆಯನ್ನು ಕಂಪ್ಯೂಟರಿನಿಂದ ಅಳಿಸಿಹಾಕಿದವನು ನಾನು. ಅಳಿಸಿದ್ದನ್ನು ಮುಚ್ಚಿಕೊಳ್ಳಲೆಂದು ತಪ್ಪನ್ನು ಯಂತ್ರದ ಮೇಲೆ ಹೊರಿಸಿದವನೂ ನಾನೇ. ಅಳಿಸಿದ್ದು ಅವಿವೇಕ, ಅದನ್ನು ಸರಿಪಡಿಸಬಹುದಾಗಿತ್ತು. ಹೇಳಿದ ಸುಳ್ಳಿನಿಂದ ಒಬ್ಬ ಹೆಣ್ಣುಮಗಳು ತನ್ನ ಕೆಲಸವನ್ನು ಕಳೆದುಕೊಂಡಳು, ಅದಕ್ಕಿಂತ ಹೆಚ್ಚಿನದೊಂದನ್ನೂ ಕಳೆದುಕೊಂಡಳು — ಅದನ್ನು ಸರಿಪಡಿಸುವ ಬಗೆ ನನಗೆ ಇಂದಿಗೂ ತಿಳಿದಿಲ್ಲ.

ಮೂರು ಸಲ ಇದನ್ನು ಬರೆಯಲು ಕುಳಿತು ಮೂರು ಸಲವೂ ಹರಿದುಹಾಕಿದ್ದೇನೆ. ಪ್ರತಿ ಸಲವೂ ಹಿನ್ನೆಲೆಯಿಂದ ಆರಂಭಿಸುತ್ತಿದ್ದೆ. ಹಿನ್ನೆಲೆ ಉದ್ದವಾದಷ್ಟೂ ಅಪರಾಧ ಸಣ್ಣದಾಗಿ ಕಾಣುತ್ತಿತ್ತು. ಆದುದರಿಂದ ಈ ಸಲ ಅಪರಾಧವನ್ನೇ ಮೊದಲು ಬರೆದಿದ್ದೇನೆ. ಉಳಿದುದನ್ನು ಓದುವವರು ಅದನ್ನು ಮರೆಯದೆ ಓದಬೇಕೆಂದು ಕೋರಿಕೆ.

ನನ್ನ ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಕಲಿತೆ. ಮುಂದೆ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಂಡಿತನಾದೆ. ಎಪ್ಪತ್ತರ ದಶಕವೆಲ್ಲ ರಜೆಯ ದಿನಗಳಲ್ಲಿ ಖಾನಾಪುರ ತಾಲೂಕಿನ ಹಳ್ಳಿಗಳನ್ನು ಸುತ್ತಿ, ಮಠಗಳ ಅಟ್ಟದಿಂದಲೂ ಮನೆಗಳ ದೇವರ ಗೂಡಿನಿಂದಲೂ ಓಲೆಗರಿಗಳನ್ನು, ಹಳೆಯ ಕಾಗದದ ಕಟ್ಟುಗಳನ್ನು ಕೂಡಿಸಿದೆ. ಎಲ್ಲಿ ಹೋದರೂ ಒಂದೇ ಮಾತು ಹೇಳುತ್ತಿದ್ದೆ — ಮೊದಲು ಪ್ರತಿ ಮಾಡಿರಿ, ಆಮೇಲೆ ಮೂಲವನ್ನು ಮುಟ್ಟಿರಿ. ಜನ ನನ್ನನ್ನು ಆ ಮಾತಿನಿಂದಲೇ ಗುರುತಿಸುತ್ತಿದ್ದರು. ನಿವೃತ್ತನಾದ ಮೇಲೆ, ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಆ ಹಸ್ತಪ್ರತಿಗಳನ್ನು ಅಚ್ಚು ಹಾಕಿಸಲು ನಾವು ಕೆಲವರು ಸೇರಿ ಒಂದು ಸಣ್ಣ ಪ್ರಕಟಣ ಮಂಡಳಿಯನ್ನು ಕಟ್ಟಿಕೊಂಡೆವು. ನಾನು ಸಂಪಾದಕ, ವ್ಯಾಪಾರಸ್ಥರಾದ ಅಪ್ಪಾಸಾಹೇಬರು ಕಾರ್ಯದರ್ಶಿ. ನಮ್ಮ ಮನೆಯಿಂದ ನಾಲ್ಕು ಹೆಜ್ಜೆಯ ಮೇಲೆ ಎರಡು ಕೋಣೆಯ ಕಚೇರಿ. ಅಪ್ಪಾಸಾಹೇಬರಿಗೆ ಹೊಸದರ ಮೇಲೆ ಪ್ರೀತಿ. ಅಚ್ಚುಮೊಳೆ ಜೋಡಿಸುವವರನ್ನು ಕಾಯುತ್ತ ಕೂತರೆ ಈ ಜನ್ಮದಲ್ಲಿ ಗ್ರಂಥ ಹೊರಬರುವುದಿಲ್ಲವೆಂದು ಅವರೇ ಓಡಾಡಿ ಒಂದು ಕಂಪ್ಯೂಟರನ್ನು ತರಿಸಿದರು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿಸುವ ಯಂತ್ರ. ಕನ್ನಡ ಬರೆಯಲು ಅದರೊಳಗೊಂದು ಪ್ರೋಗ್ರಾಮು.

ಅದರ ಮುಂದೆ ಕುಳಿತವಳು ಶೇವಂತಾ. ಖಾನಾಪುರದವಳು, ಆಗ ಇಪ್ಪತ್ತೆರಡರ ಪ್ರಾಯ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಎರಡೂ ಅವಳಿಗೆ ಸಮಾನ. ಮೆಟ್ರಿಕ್ ಮುಗಿಸಿ ತಂದೆಯ ಜೊತೆ ಹಂಚಿನ ಕಾರಖಾನೆಗೆ ಹೋಗುತ್ತಿದ್ದಾಗ, ಮಣ್ಣನ್ನು ಒತ್ತುವ ಅಚ್ಚಿಗೆ ಬಲಗೈ ಸಿಕ್ಕಿ ಮೂರು ಬೆರಳು ಹೋಗಿದ್ದವು. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಉಳಿದಿದ್ದವು. ಅಕ್ಷರ ಮುತ್ತಿನಂಥದ್ದು — ಎಡಗೈಯಲ್ಲಿ ಬರೆಯುವುದನ್ನು ಮತ್ತೆ ಮೊದಲಿನಿಂದ ಕಲಿತಿದ್ದಳು. ಅಕ್ಷರಗಳನ್ನು ಕೂಡಿಸಿ ಬರೆಯುವ ಹಳೆಯ ಮೋಡಿ ಬರಹವನ್ನು ಓದಬಲ್ಲವಳಾದ್ದರಿಂದ ನಾನೇ ಅವಳನ್ನು ಹಸ್ತಪ್ರತಿಗಳ ಪ್ರತಿ ಮಾಡಲು ಕರೆದಿದ್ದೆ.

ಕಂಪ್ಯೂಟರನ್ನು ಹೂಡಲು ಪುಣೆಯಿಂದ ಬಂದಿದ್ದ ತರುಣ ಅವಳ ಕೈಯನ್ನು ನೋಡಿ, ಮರಾಠಿಯಲ್ಲಿ ಒಂದು ಸಂಗತಿ ತಿಳಿಸಿದ. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕೆಂಬುದನ್ನು ಬರೆಯುವವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು; ಯಂತ್ರ ಅದನ್ನು ಒಂದು ಕಡತದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಅವಳಿಗೆ ಅಷ್ಟೇ ಸಾಕಾಯಿತು. ಎಂಟು ತಿಂಗಳು ಅದರ ಹಿಂದೆ ಬಿದ್ದಳು. ಹಸ್ತಪ್ರತಿಗಳಲ್ಲಿ ಯಾವ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಯಾವುದು ಅಪರೂಪ ಎಂದು ಪುಟಗಟ್ಟಲೆ ಗೀಟು ಹಾಕಿ ಎಣಿಸಿದಳು. ಹೆಚ್ಚು ಬರುವವನ್ನು ಎಡಗೈಯ ಐದು ಬೆರಳಿನ ಕೆಳಗೆ, ಉಳಿದವನ್ನು ಬಲಗೈಯ ಎರಡು ಬೆರಳು ದಣಿಯದೆ ಮುಟ್ಟುವಲ್ಲಿ ಇಟ್ಟಳು. ಪ್ರತಿ ಕೀಲಿಯ ಮೇಲೂ ಸಣ್ಣ ಕಾಗದದ ಚೂರು ಅಂಟಿಸಿ ತನ್ನ ಅಕ್ಷರ ಬರೆದಳು. ಒಂದೆರಡು ದಿನ ಒತ್ತಿ ನೋಡುವುದು, ಕೈ ನೋಯುವಲ್ಲಿ ಬದಲಿಸುವುದು, ಮತ್ತೆ ಒತ್ತುವುದು — ಹೀಗೆ. ಪೂರ್ತಿ ಜೋಡಣೆಯನ್ನು ಒಂದು ವಹಿಯಲ್ಲಿ ಚಿತ್ರದಂತೆ ಬರೆದೂ ಇಟ್ಟುಕೊಂಡಿದ್ದಳು.

ಆ ಜೋಡಣೆ ಮುಗಿದ ಮೇಲೆ ಅವಳು ಬರೆಯುವುದನ್ನು ನೋಡಲು ಪಕ್ಕದ ಅಂಗಡಿಯವರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಪ್ಪಾಸಾಹೇಬರು ಒಂದು ದಿನ, "ಏಳು ಬೆರಳಿನ್ಯಾಕಿ ಹಿಂಗ ಓಡಸ್ತಾಳ. ನಮ್ಮ ಹತ್ತು ಬೆರಳು ಬರೇ ಊಟದ ಹೊತ್ತಿಗೆ ಅಷ್ಟ ಕೆಲಸಕ್ಕ ಬರ್ತಾವ ನೋಡ್ರಿ" ಎಂದರು.

"ಊಟಕ್ಕ ಐದು ಸಾಕಲ್ರಿ ಸಾಹೇಬರ. ಉಳದದ್ದು ಐದು ಈ ಕಡೆ ಕೊಡ್ರಿ" ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ.

ನಾನೂ ನಕ್ಕೆ. ಆದರೆ ಅದೇ ದಿನ ಸಂಜೆ, ಖಾನಾಪುರದ ರೈಲಿಗೆ ಹೊರಡುವ ಮುನ್ನ, ಚಪ್ಪಲಿ ಹಾಕಿಕೊಳ್ಳುತ್ತ ಅವಳು ನನ್ನೊಬ್ಬನಿಗೇ ಹೇಳಿದ ಮಾತು ಬೇರೆ. "ಕಾರಖಾನಿ ನನ್ನ ಕೈ ತಗೊಂತ್ರಿ ಗುರುಗಳ. ಈ ಮಷಿನ್ ತಿರಿಗಿ ಕೊಟ್ಟೈತಿ."

ಮೊದಲ ಸಂಪುಟ ಮುಗಿಯುತ್ತಲೇ ಅವಳನ್ನು ಕಾಯಂ ಮಾಡಿಕೊಳ್ಳುವುದೆಂದು ಮಂಡಳಿ ನಿರ್ಣಯಿಸಿತ್ತು. ದಿನಕ್ಕೆ ಇಷ್ಟು ಪುಟ ಎಂಬ ಒಂದು ಅಳತೆ ಇತ್ತು. ಅದನ್ನು ಅವಳು ಮಧ್ಯಾಹ್ನದೊಳಗೇ ದಾಟುತ್ತಿದ್ದಳು. ಕೈಯ ಕಾರಣಕ್ಕೆ ಎರಡು ಕಡೆ ಮದುವೆಯ ಮಾತು ಮುರಿದಿತ್ತೆಂದು ಕೇಳಿದ್ದೆ. ಅವಳ ತಂದೆ ಒಮ್ಮೆ ಖಾನಾಪುರದಿಂದ ಬಂದು, ಮಗಳು ಕುಳಿತ ಕುರ್ಚಿಯನ್ನೊಮ್ಮೆ ಮುಟ್ಟಿ ನೋಡಿ, ನನಗೆ ಕೈಮುಗಿದು ಹೋಗಿದ್ದ.

ಇಲ್ಲಿ ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಅದಿಲ್ಲದೆ ನನ್ನ ಸುಳ್ಳಿನ ಮೂಲ ತಿಳಿಯದು. ಆ ವರ್ಷದ ಬೇಸಗೆಯಲ್ಲಿ ನಾವಿಬ್ಬರೂ ಪಾರಿಶ್ವಾಡಕ್ಕೆ ಹೋಗಿದ್ದೆವು. ಅಲ್ಲಿಯ ರೈತರ ಮನೆಯೊಂದರಲ್ಲಿ ದೊಡ್ಡ ಓಲೆಯ ಕಟ್ಟು ಇದೆಯೆಂದು ಸುದ್ದಿಯಿತ್ತು. ಹೋಗಿ ಕೇಳಿದರೆ, ಆ ಮನೆಯ ಹಿರಿಯ ತಲೆ ತುರಿಸಿಕೊಂಡ. "ದೇವರ ಪುಸ್ತಕಾರಿ. ಹುಳಾ ಹತ್ತಿತ್ತು. ಯಾರದರೆ ಕಾಲಾಗ ಬಿದ್ದೀತು ಅಂತ ಹೋದ ಶಿವರಾತ್ರಿಗೆ ಹೊಳಿಗೆ ಬಿಟ್ಟೀವ್ರಿ."

ಜೀರ್ಣವಾದ ಪವಿತ್ರ ವಸ್ತುವನ್ನು ಹೊಳೆಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ಅವನು ಭಕ್ತಿಯಿಂದಲೇ ಬಿಟ್ಟಿದ್ದ. ಅದು ನನಗೆ ಗೊತ್ತಿತ್ತು. ಆದರೂ ಮನೆಮಂದಿಯ ಎದುರಿಗೆ, ಸೊಸೆ-ಮೊಮ್ಮಕ್ಕಳ ಎದುರಿಗೆ, ಆ ಹಿರಿಯನನ್ನು ನಾನು ಅರ್ಧ ಗಂಟೆ ಬೈದೆ. "ಪ್ರತಿ ಮಾಡದೇ ನೀರಿಗೆ ಬಿಟ್ಟೀರಿ. ನಿಮ್ಮ ಹಿರಿಯಾರ ಕೈಯನ್ನ ಹೊಳಿಗೆ ಬಿಟ್ಟಂಗ ಆತು" ಎಂದೆ. ಅವನು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ತಿರುಗಿ ಬರುವಾಗ ಬಸ್ಸಿನಲ್ಲಿ ಶೇವಂತಾ ಮೆಲ್ಲಗೆ, ಅಷ್ಟು ಬೈಯಬಾರದಿತ್ತು, ಪಾಪ ಅವನಿಗೆ ಗೊತ್ತಿರಲಿಲ್ಲ ಎಂದಳು. ಗ್ರಂಥವನ್ನು ಮನೆಯಲ್ಲಿಟ್ಟುಕೊಂಡವನಿಗೆ ಗೊತ್ತಿರಲಿಲ್ಲವೆನ್ನುವ ಹಕ್ಕಿಲ್ಲ ಎಂದು ನಾನು ಉತ್ತರಿಸಿದೆ. ಎಷ್ಟು ತೃಪ್ತಿಯಿಂದ ಉತ್ತರಿಸಿದೆ ಎಂಬುದು ಈಗಲೂ ನೆನಪಿದೆ.

ಶ್ರಾವಣದಲ್ಲಿ ಪುಣೆಯಿಂದ ಒಂದು ಪೊಟ್ಟಣ ಅಂಚೆಯಲ್ಲಿ ಬಂತು. ಪ್ರೋಗ್ರಾಮಿನ ಹೊಸ ಆವೃತ್ತಿ. ಹಳೆಯದರಲ್ಲಿ ಪರದೆಯ ಮೇಲೆ ಸರಿಯಾಗಿ ಕಾಣುವ ಒತ್ತಕ್ಷರಗಳು ಕಾಗದದ ಮೇಲೆ ಒಡೆದು ಬೀಳುತ್ತಿದ್ದವು. ಹೊಸದರಲ್ಲಿ ಆ ದೋಷ ನೀಗಿದೆಯೆಂದು ಬರೆದಿದ್ದರು. ನಾಲ್ಕು ಫ್ಲಾಪಿ, ಇಂಗ್ಲಿಷಿನಲ್ಲಿ ಒಂದು ದಪ್ಪ ಪುಸ್ತಕ, ಬೆರಳಚ್ಚು ಮಾಡಿದ ಒಂದು ಹಾಳೆ. ಹಾಳೆಯಲ್ಲಿ ಮೂರೇ ಸೂಚನೆಗಳಿದ್ದವು. ಮೊದಲು, ನೀವು ನಿಮ್ಮ ಅನುಕೂಲಕ್ಕೆ ಮಾಡಿಕೊಂಡಿರುವುದೆಲ್ಲವನ್ನೂ ಬೇರೊಂದು ಫ್ಲಾಪಿಗೆ ಪ್ರತಿ ಮಾಡಿಕೊಳ್ಳಿರಿ. ಎರಡನೆಯದಾಗಿ, ಹಳೆಯದರ ಮೇಲೆಯೇ ಹೊಸದನ್ನು ಸ್ಥಾಪಿಸಿರಿ. ಮೂರನೆಯದಾಗಿ, ಪ್ರತಿ ಮಾಡಿಟ್ಟುದನ್ನು ಹಿಂದಕ್ಕೆ ಹಾಕಿರಿ.

ಇಷ್ಟು ಸರಳ. ನನ್ನ ಬದುಕಿನ ಉಪದೇಶವೇ ಅಚ್ಚಾಗಿ ಬಂದಂತಿತ್ತು.

ಹೊಸದನ್ನು ಸೋಮವಾರವೇ ಸ್ಥಾಪಿಸಬೇಕೆಂದು ನಾನು ಹಟ ಹಿಡಿದೆ — ಶ್ರಾವಣ ಸೋಮವಾರ. ಬೆಳಗಿನ ಏಳೂವರೆಗೆ ರಾಹುಕಾಲ ಹಿಡಿಯುತ್ತದೆ. ಅದಕ್ಕೆ ಮೊದಲೇ ಮುಗಿಸಬೇಕು. ಶೇವಂತಾಳ ರೈಲು ಬರುವುದು ಒಂಬತ್ತಕ್ಕೆ. ಶನಿವಾರ ಸಂಜೆ ಅವಳು, ತಾನು ಬಂದ ಮೇಲೆ ಮಾಡೋಣವೆಂದು ಕೇಳಿಕೊಂಡಳು. ಗಳಿಗೆ ಮೀರುತ್ತದೆ ಎಂದೆ. ಗಳಿಗೆ-ಮುಹೂರ್ತಗಳನ್ನು ನೋಡಬೇಡಿರೆಂದು ಸಾರಿದ ಶರಣರ ಪರಂಪರೆಯಲ್ಲಿ ಹುಟ್ಟಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು, ನಾನು ಪಂಚಾಂಗವನ್ನು ನೋಡುತ್ತಿದ್ದೆ. ಇದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ನಾನೂ ಪ್ರಶ್ನಿಸಿಕೊಂಡಿರಲಿಲ್ಲ.

ಸೋಮವಾರ ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ ಆರೂವರೆಗೆ ಕಚೇರಿಯ ಬೀಗ ತೆಗೆದೆ. ಗ್ರಂಥಪಾಠದ ಹದಿನಾಲ್ಕು ಫ್ಲಾಪಿಗಳನ್ನು ಒಂದೊಂದಾಗಿ ಎಣಿಸಿದೆ. ಎಲ್ಲಕ್ಕೂ ಪ್ರತಿಯಿತ್ತು, ಪ್ರತಿಗೂ ಪ್ರತಿಯಿತ್ತು. ನಮ್ಮದೆಂಬುದೆಲ್ಲ ಸುರಕ್ಷಿತವಾಗಿದೆ ಎಂದುಕೊಂಡೆ. ಮೊದಲ ಸೂಚನೆ ಪೂರೈಸಿತೆಂದು ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತನ್ನೂ ಹಾಕಿದೆ.

ಇನ್ನು ಎರಡನೆಯದು. ಹಳೆಯದರ ಮೇಲೆಯೇ ಹೊಸದನ್ನು ಹಾಕಿರಿ ಎಂದಿತ್ತಲ್ಲ — ಅದು ನನ್ನ ಮನಸ್ಸಿಗೆ ಬರಲಿಲ್ಲ. ದಿನವೂ ಪೂಜೆಗೆ ಕುಳಿತಾಗ ನಿನ್ನೆಯ ಪತ್ರಿ-ಹೂವುಗಳನ್ನು ಪೂರ್ತಿಯಾಗಿ ತೆಗೆದು, ಪೀಠವನ್ನು ಒರೆಸಿ, ಆಮೇಲೆ ಇಂದಿನ ಪತ್ರಿಯನ್ನು ಏರಿಸುವವನು ನಾನು. ಬಾಡಿದುದರ ಮೇಲೆ ಹೊಸದನ್ನು ಏರಿಸುವುದುಂಟೆ? ಯಾರೂ ಹೇಳದಿದ್ದರೂ, ಹಾಳೆಯಲ್ಲಿ ಬರೆಯದಿದ್ದರೂ, ನನ್ನ ಕಲಿಕೆಯನ್ನು ನಂಬಿ, ಹಳೆಯ ಪ್ರೋಗ್ರಾಮು ಇದ್ದ ಜಾಗವನ್ನು ಸಂಪೂರ್ಣ ಅಳಿಸಿದೆ. ಖಚಿತವೇ ಎಂದು ಯಂತ್ರ ಕೇಳಿತು. ಹೌದೆಂದು ಒತ್ತಿದೆ. ಆ ಕ್ಷಣದಲ್ಲಿ ನನ್ನ ಮನಸ್ಸು ಶುಚಿಯಾಗಿತ್ತು — ಇದು ಈಗ ನೆನೆದರೆ ಭಯವಾಗುವ ಮಾತು.

ನಾಲ್ಕು ಫ್ಲಾಪಿಗಳನ್ನೂ ಒಂದಾದ ಮೇಲೊಂದು ಹಾಕಿದೆ. ಎಲ್ಲ ಸರಾಗವಾಗಿ ನಡೆಯಿತು. ಕೊನೆಯಲ್ಲಿ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ನಿಮ್ಮ ಹಳೆಯ ಕೀಲಿ ಜೋಡಣೆಯಿರುವ ಫ್ಲಾಪಿಯನ್ನು ಹಾಕಿರಿ.

ನಾನು ಆ ಸಾಲನ್ನು ಓದಿದೆ. ಮತ್ತೊಮ್ಮೆ ಓದಿದೆ. ಮೇಜಿನ ಮೇಲೆ ಹದಿನಾಲ್ಕು ಫ್ಲಾಪಿಗಳಿದ್ದವು, ಅವುಗಳ ಪ್ರತಿಗಳಿದ್ದವು. ಅವುಗಳಲ್ಲಿ ಎಲ್ಲಿಯೂ —

ಗ್ರಂಥವನ್ನು ಕಾಪಾಡಿದ್ದೆ. ಗ್ರಂಥವನ್ನು ಬರೆಯುವ ಕೈ ತನಗಾಗಿ ಮಾಡಿಕೊಂಡುದನ್ನು ಕಾಪಾಡಬೇಕೆಂದು ನನಗೆ ತೋಚಿರಲಿಲ್ಲ. ಅದು ನನ್ನ ಕಣ್ಣಿಗೆ ಉಳಿಸತಕ್ಕ ವಸ್ತುವಾಗಿ ಕಂಡೇ ಇರಲಿಲ್ಲ. ಐವತ್ತೆಂಟು ವರ್ಷದ ವಿದ್ಯೆ ಅದನ್ನು ನನಗೆ ಕಲಿಸಿರಲಿಲ್ಲ.

ಅವಳು ಬರುವವರೆಗೆ ಒಂದೂವರೆ ಗಂಟೆ ಇತ್ತು. ಆ ಸಮಯದಲ್ಲಿ ನಾನು ದಪ್ಪ ಪುಸ್ತಕವನ್ನು ತೆರೆದು ನೋಡಬಹುದಾಗಿತ್ತು. ನೋಡಲಿಲ್ಲ. ಆ ಹೊತ್ತೆಲ್ಲ ನನ್ನ ಕಣ್ಣ ಮುಂದಿದ್ದುದು ಪಾರಿಶ್ವಾಡದ ಆ ಹಿರಿಯನ ಮುಖ, ಮತ್ತು ಪಕ್ಕದಲ್ಲಿ ನಿಂತು ನನ್ನ ಬೈಗುಳವನ್ನು ಕೇಳಿದ್ದ ಶೇವಂತಾ. ಇವಳಿಗೆ ನಾನು ಏನೆಂದು ಹೇಳಲಿ? ಪ್ರತಿ ಮಾಡದೆ ನೀರಿಗೆ ಬಿಟ್ಟೆನೆಂದೇ?

ಅವಳು ಬಂದಳು. ಹೊಸದು ಬಂದ ಉತ್ಸಾಹದಲ್ಲಿ ತಲೆಗೆ ಅಬ್ಬಲಿಗೆ ಮುಡಿದಿದ್ದಳು. ಕುಳಿತು, ಒಂದು ಸಾಲು ಒತ್ತಿ, ಪರದೆಯನ್ನು ನೋಡಿದಳು. ಕೀಲಿಯ ಮೇಲಿನ ಚೂರಿನಲ್ಲಿ ಒಂದು ಅಕ್ಷರ, ಪರದೆಯ ಮೇಲೆ ಇನ್ನೊಂದು. ಅಳಿಸಿ ಮತ್ತೆ ಒತ್ತಿದಳು.

"ಗುರುಗಳ, ನನ್ನ ಜೋಡಣಿ ಎಲ್ಲಿ ಹೋತ್ರಿ?"

"ಹೊಸದು ಅದನ್ನ ತಗೋಳೂದಿಲ್ಲವ್ವಾ" ಎಂದೆ. "ಎಲ್ಲಾರಿಗೂ ಒಂದ ಜೋಡಣಿ ಅಂತ ಮಾಡಿಬಿಟ್ಟಾರ."

"ವಹಿಯೊಳಗ ಪೂರ್ತಾ ಬರದಿಟ್ಟೀನ್ರಿ ನಾ. ತಿರಿಗಿ ಹಾಕಿದ್ರ ಬರೂದಿಲ್ಲೇನ್ರಿ?"

"ಬರೂದಿಲ್ಲ. ಈ ಮಷಿನ್‌ಗೆ ಹತ್ತು ಬೆರಳ ಬೇಕು."

ಕೊನೆಯ ವಾಕ್ಯವನ್ನು ನಾನು ಏಕೆ ಹೇಳಿದೆ? ಮೊದಲಿನ ಸುಳ್ಳಷ್ಟೇ ಸಾಕಿತ್ತು. ಅವಳು ಮತ್ತೆ ಕೇಳದಂತೆ ಮಾಡಬೇಕಾಗಿತ್ತು — ಅದಕ್ಕೆ ಎಲ್ಲಿ ಮುಟ್ಟಿದರೆ ಅವಳ ಮಾತು ನಿಲ್ಲುತ್ತದೆಂದು ನನಗೆ ತಿಳಿದಿತ್ತು. ಮಾತು ನಿಂತಿತು. "ಹಂಗೇನ್ರಿ" ಎಂದಳು, ಅಷ್ಟೆ. ಬಲಗೈಯನ್ನು ಮೇಜಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಮಧ್ಯಾಹ್ನ ಅವಳು ಬುತ್ತಿ ಬಿಚ್ಚಿದಾಗ ನಾನು ಪುಸ್ತಕವನ್ನು ಮನೆಗೆ ಒಯ್ದು ತೆರೆದೆ. ಏಳನೆಯ ಅಧ್ಯಾಯ. ಕೀಲಿ ಜೋಡಣೆಯನ್ನು ಬದಲಿಸುವ ವಿಧಾನ — ಹಿಂದಿಗಿಂತ ಸುಲಭವೆಂದು ಮೊದಲಲ್ಲೇ ಬರೆದಿದ್ದರು. ಹೊಕ್ಕುವ ದಾರಿ ಮಾತ್ರ ಬೇರೆಯಾಗಿತ್ತು; ಇಂಗ್ಲಿಷು ಓದಿ ತಿಳಿಯದವರಿಗೆ ತಾನಾಗಿ ಸಿಗುವಂತಿರಲಿಲ್ಲ. ಅವಳ ವಹಿಯನ್ನು ಮುಂದಿಟ್ಟುಕೊಂಡು ಕುಳಿತರೆ ಅರ್ಧ ದಿನದ ಕೆಲಸ. ಎಂಟು ತಿಂಗಳು ಬೇಕಿರಲಿಲ್ಲ. ಅರ್ಧ ದಿನ ಸಾಕಿತ್ತು. ನಾನು ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಹೊಸದಾಗಿ ಕಂಡುಹಿಡಿದವನಂತೆ ಹೇಳಿದರೆ ಮರ್ಯಾದೆಯೂ ಉಳಿಯುತ್ತದೆ, ಎರಡು ದಿನ ಬಿಟ್ಟು ಹೇಳೋಣ ಎಂದುಕೊಂಡೆ. ಎರಡು ದಿನ ಎಂಟಾಯಿತು. ಪ್ರತಿ ದಿನವೂ, ಇಷ್ಟು ದಿನ ಏಕೆ ಹೇಳಲಿಲ್ಲವೆಂಬ ಪ್ರಶ್ನೆಗೂ ಉತ್ತರ ಬೇಕಾಗುತ್ತ ಹೋಯಿತು.

ಅವಳು ಬಿಟ್ಟುಕೊಡಲಿಲ್ಲ. ಒದ್ದೆ ಬಟ್ಟೆಯಿಂದ ಕೀಲಿಗಳನ್ನು ನೆನೆಸಿ, ತಾನು ಅಂಟಿಸಿದ್ದ ಚೂರುಗಳನ್ನು ಎಡಗೈಯ ಉಗುರಿನಿಂದ ಒಂದೊಂದಾಗಿ ಕೆರೆದು ತೆಗೆದಳು. ನಾನು ಎದುರಿನ ಮೇಜಿನಲ್ಲಿ ಕರಡು ತಿದ್ದುತ್ತಿದ್ದೆ. ಆ ಸಪ್ಪಳ ಕೇಳುತ್ತಲೇ ಇತ್ತು. ಎಲ್ಲರಿಗೂ ಒಂದಾದ ಆ ಜೋಡಣೆಯನ್ನೇ ಕಲಿಯುತ್ತೇನೆಂದು ಹೊರಟಳು. ಅರ್ಧ ಕೀಲಿಮಣೆಯನ್ನು ಒಂದು ತೋರುಬೆರಳು ಸುತ್ತಬೇಕು. ಎರಡನೆಯ ವಾರಕ್ಕೆ ಮಣಿಕಟ್ಟು ಬಾತುಕೊಂಡಿತು. ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಬಂದಳು. ಪುಟಗಳು ಇಳಿದವು. ಪುಣೆಯ ಆ ಹುಡುಗನಿಗೆ ಒಂದು ಪತ್ರ ಬರೆಯಿರಿ, ಅವನೇನಾದರೂ ದಾರಿ ಹೇಳಿಯಾನು ಎಂದು ಕೇಳಿಕೊಂಡಳು. ಬರೆಯುತ್ತೇನೆಂದೆ. ಬರೆದಿದ್ದೇನೆಂದೆ. ಬರೆಯಲಿಲ್ಲ. ದಿನವೂ ಅಂಚೆಯವನು ಬಂದು ಹೋದ ಮೇಲೆ ನನ್ನ ಮುಖವನ್ನೊಮ್ಮೆ ನೋಡುತ್ತಿದ್ದಳು, ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ.

ಹೀಗೆ ಕಳೆದ ಎರಡು ತಿಂಗಳೂ ನನ್ನ ಪೂಜೆ ಒಂದು ಹೊತ್ತೂ ತಪ್ಪಲಿಲ್ಲ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸುವಾಗ ನನಗೆ ಕಾಣುತ್ತಿದ್ದುದು ಲಿಂಗವಲ್ಲ, ಅಂಗೈಯ ಸುತ್ತ ಇದ್ದ ನನ್ನ ಐದು ಬೆರಳು. ಕಣ್ಣು ಮುಚ್ಚಿಕೊಂಡು ಪೂಜೆ ಮುಗಿಸುವುದನ್ನು ರೂಢಿ ಮಾಡಿಕೊಂಡೆ.

ದಸರೆಯ ಮುಂದೆ ಅಪ್ಪಾಸಾಹೇಬರು ನನ್ನನ್ನು ಹೊರಗಿನ ಕಟ್ಟೆಗೆ ಕರೆದರು. ಕಾಯಂ ಪತ್ರದ ಸಹಿಗೆ ಮಂಡಳಿಯವರು ಒಪ್ಪುತ್ತಿಲ್ಲ, ಪುಟಗಳು ಕಾಲುಭಾಗಕ್ಕೆ ಇಳಿದಿವೆ, ಬೇರೆ ಯಾರನ್ನಾದರೂ ನೋಡಿರಿ ಎನ್ನುತ್ತಾರೆ ಎಂದು ಸಂಕಟಪಟ್ಟರು. ಅವಳ ಮೇಲೆ ಅವರಿಗೆ ನಿಜವಾದ ಅಕ್ಕರೆಯಿತ್ತು. "ನೀವು ಒಂದ ಮಾತು ಹೇಳ್ರಿ ಪಂಡಿತರ. ಆಕಿನ ಇಟ್ಕೊಳ್ಳಾಕ ಏನರೆ ದಾರಿ ಐತೇನು? ಇದ್ರ ನಾ ಎಲ್ಲಾರ ಕೂಡ ಜಗಳಾ ತಗೀತೀನಿ."

ದಾರಿ ನನ್ನ ಮನೆಯ ಕಪಾಟಿನಲ್ಲಿತ್ತು. ಕಚೇರಿಯಿಂದ ನಾಲ್ಕು ಹೆಜ್ಜೆ.

"ಮಷಿನ್ ಬದಲಾತು. ಏನ ಮಾಡಾಕ ಬರ್ತದ" ಎಂದೆ.

ಅವಳು ಹೋಗುವ ದಿನ ಜಗಳವಾಡಲಿಲ್ಲ, ಅಳಲೂ ಇಲ್ಲ. ಕಂಪ್ಯೂಟರಿಗೆ ಹೊದಿಕೆ ಹಾಕಿ, ನನ್ನ ಕಾಲು ಮುಟ್ಟಿ ನಮಸ್ಕರಿಸಿ, ತನ್ನಿಂದ ಕೆಲಸ ಕೆಟ್ಟಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿರಿ ಎಂದಳು. ನಾನು ಆಶೀರ್ವದಿಸಿದೆ. ಹೌದು — ಕೈಯೆತ್ತಿ ಆಶೀರ್ವದಿಸಿದೆ.

ಸಂಪುಟ ಮರುವರ್ಷ ಹೊರಬಂತು. ಸಂಪಾದಕೀಯದಲ್ಲಿ ಹಲವರಿಗೆ ಕೃತಜ್ಞತೆ ಸಲ್ಲಿಸಿದ್ದೇನೆ. ಅವಳ ಹೆಸರು ಬರೆದು, ಹೊಡೆದುಹಾಕಿದೆ. ಹೆಸರಿದ್ದರೆ ಅವಳೇಕೆ ಬಿಟ್ಟಳೆಂದು ಯಾರಾದರೂ ಕೇಳಿಯಾರೆಂಬ ಅಂಜಿಕೆ. ಅದಾದ ಮೇಲೆ ಹದಿನೇಳು ವರ್ಷ ನಾನು ಅವಳನ್ನು ಹುಡುಕಲಿಲ್ಲ.

ಹೋದ ವರ್ಷ ನೆಹರು ನಗರದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. "ಗುರುಗಳಲ್ರಿ?" ಎಂಬ ದನಿ. ಶೇವಂತಾ. ಜೊತೆಗೆ ಹದಿನಾಲ್ಕು-ಹದಿನೈದರ ಮಗಳು. ಖಾನಾಪುರದಲ್ಲೇ ಮದುವೆಯಾಗಿತ್ತು, ಗಂಡನದು ಹಿಟ್ಟಿನ ಗಿರಣಿ. ನನ್ನ ತೋಳು ಹಿಡಿದು ರಿಕ್ಷಾದವರೆಗೆ ನಡೆಸಿಕೊಂಡು ಬಂದಳು — ಆ ಎರಡು ಬೆರಳಿನ ಕೈಯಿಂದ. ದಾರಿಯಲ್ಲಿ ಮಗಳು ನನ್ನ ಹತ್ತಿರ ದೂರು ಹೇಳಿದಳು: ಶಾಲೆಯಲ್ಲಿ ಕಂಪ್ಯೂಟರ್ ವರ್ಗ ಸುರುವಾಗಿದೆ, ಅವ್ವ ಹೆಸರು ಹಚ್ಚಲು ಬಿಡುತ್ತಿಲ್ಲ.

"ಆ ಮಷಿನ್ ಮುಂದ ಒಮ್ಮೆ ಆಸೆ ಇಟ್ಕೊಂಡ್ರ, ಬ್ಯಾಡ ಅಂದಾಗ ಭಾಳ ತ್ರಾಸ ಆಗ್ತದ" ಎಂದಳು ಶೇವಂತಾ.

"ನನಗ ಹತ್ತು ಅದಾವಲ್ಲವ್ವಾ" ಎಂದು ಮಗಳು ಬೆರಳುಗಳನ್ನೆಲ್ಲ ಅರಳಿಸಿ ತೋರಿಸಿದಳು. ತಾಯಿ ನಕ್ಕಳು. ನಾನು ರಿಕ್ಷಾ ಹತ್ತಿದೆ. ಆಗಲೂ ಹೇಳಲಿಲ್ಲ.

ಪಟ್ಟಿ ಬಿಚ್ಚಿದ ಮರುದಿನ ಖಾನಾಪುರದ ರೈಲು ಹತ್ತಿದೆ. ಗಿರಣಿಯ ಹಿಂದೆಯೇ ಮನೆ. ಅವಳು ನೀರು ಕೊಟ್ಟು, ಚಾಪೆ ಹಾಸಿ, ಎದುರಿಗೆ ಕುಳಿತಳು. ನಾನು ನೀರು ಮುಟ್ಟದೆ ಎಲ್ಲವನ್ನೂ ಹೇಳಿದೆ — ಸೋಮವಾರ, ಅಳಿಸಿದ್ದು, ಏಳನೆಯ ಅಧ್ಯಾಯ, ಬರೆಯದ ಪತ್ರ, ಕಟ್ಟೆಯ ಮೇಲಿನ ಮಾತು. ಗಿರಣಿ ಸದ್ದು ಮಾಡುತ್ತಿತ್ತು. ಕೆಲವು ಮಾತುಗಳನ್ನು ಎರಡು ಸಲ ಹೇಳಬೇಕಾಯಿತು. ಎರಡು ಸಲ ಹೇಳುವುದು ನನಗೆ ಸಲ್ಲತಕ್ಕದ್ದೇ ಆಗಿತ್ತು.

ಅವಳು ಎದ್ದು ಗಿರಣಿಯ ಕಡೆಯ ಬಾಗಿಲನ್ನು ಮುಚ್ಚಿ ಬಂದು ಕುಳಿತಳು.

"ಅಂದ್ರ ಆ ಮಷಿನ್ ನನ್ನ ಕೈ ಬ್ಯಾಡ ಅಂದಿರ್ಲಿಲ್ಲೇನ್ರಿ?"

"ಅದು ಅಂದಿರ್ಲಿಲ್ಲವ್ವಾ. ನಾ ಅಂದೆ."

ಅವಳು ಬಲಗೈಯನ್ನು ಮಡಿಲಲ್ಲಿ ತಿರುವಿ ನೋಡಿಕೊಂಡಳು. ಎಷ್ಟೋ ವರ್ಷ ಯಾರದೋ ಮಾತು ಕೇಳಿ ಮನೆಯಿಂದ ಹೊರಗಿಟ್ಟ ಕೂಸನ್ನು ನೋಡುವಂತೆ ನೋಡಿದಳು. ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಕೊನೆಗೆ, "ಇದನ್ನ ಬರದ ಕೊಡ್ರಿ ಗುರುಗಳ. ನಿಮ್ಮ ಹೆಸರು, ನನ್ನ ಹೆಸರು, ಎರಡೂ ಹಾಕ್ರಿ. ನಾ ಹೇಳಿದ್ರ ಅವ್ವ ಜಂಬ ಕೊಚ್ಚಾಕತ್ಯಾಳ ಅಂತಾಳ ನನ್ನ ಮಗಳು. ಆಕಿ ಓದಬೇಕು" ಎಂದಳು.

ಅದಕ್ಕಾಗಿ ಬರೆದಿದ್ದೇನೆ; ಅವಳ ಹೆಸರು ಮೊದಲ ಸಾಲಿನಲ್ಲೇ ಇದೆ, ನನ್ನದನ್ನು ಕೆಳಗೆ ಸಹಿಯಾಗಿ ಹಾಕುತ್ತೇನೆ. ಇದರ ಒಂದು ಪ್ರತಿ ಖಾನಾಪುರಕ್ಕೆ, ಒಂದು ಮಂಡಳಿಗೆ. ಸಂಪುಟದ ಮರುಮುದ್ರಣವಾದರೆ ಸಂಪಾದಕೀಯದ ಬದಲಿಗೆ ಇದನ್ನೇ ಹಾಕಬೇಕೆಂದು, ಈಗ ಮಂಡಳಿಯನ್ನು ನೋಡಿಕೊಳ್ಳುವ ಅಪ್ಪಾಸಾಹೇಬರ ಮಗನಿಗೆ ಹೇಳಿದ್ದೇನೆ.

ಕ್ಷಮಿಸು ಎಂದು ಅವಳನ್ನು ನಾನು ಕೇಳಲಿಲ್ಲ. ಕೇಳಿದ್ದರೆ, ಹೋಗಲಿ ಬಿಡಿರಿ ಎಂದುಬಿಡುತ್ತಿದ್ದಳು — ಅವಳ ಸ್ವಭಾವವನ್ನು ನಾನು ಬಲ್ಲೆ. ಹಾಗೆ ಬಲ್ಲವನಾಗಿಯೇ ಒಮ್ಮೆ ಅವಳ ಬಾಯಿ ಮುಚ್ಚಿಸಿದ್ದೇನೆ. ಎರಡನೆಯ ಸಲ ಅದನ್ನೇ ಬಳಸಿ ಬಿಡುಗಡೆ ಪಡೆಯಲಾರೆ.